ಮೂರನೇ ಸಲ ರ‍್ಯಾಮ್ ಬದಲಿಸುವ ಮುನ್ನ ಸಾಕೆಟ್ ನೋಡಿ

ಒಂದೇ ಮನೆಯ ಕಂಪ್ಯೂಟರಿನಲ್ಲಿ ಹದಿನಾಲ್ಕು ತಿಂಗಳಲ್ಲಿ ಮೂರು ಸಲ ರ‍್ಯಾಮ್ "ಹೋಯಿತು". ಮೂರು ಸಲವೂ ಅಂಗಡಿಯವರು ಹೊಸ ಸ್ಟಿಕ್, ಅಂದರೆ ಮೆಮೊರಿಯ ಪಟ್ಟಿ, ಹಾಕಿ, ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಿ, ದುಡ್ಡು ಎಣಿಸಿಕೊಂಡು ಕಳಿಸಿದರು. ತೆಗೆದ ಹಳೆಯ ಸ್ಟಿಕ್‌ಗಳು ಪುಣ್ಯಕ್ಕೆ ಮನೆಯ ಡ್ರಾಯರಿನಲ್ಲೇ ಇದ್ದವು. ಕೊನೆಗೆ ಅವನ್ನು ಬೇರೊಂದು ಮಷಿನ್‌ಗೆ ಹಾಕಿ ನೋಡಿದರೆ ಮೂರೂ ಚೆನ್ನಾಗಿವೆ. ಒಂದೇ ಒಂದು ಎರರ್ ಇಲ್ಲ.

ಮಷಿನ್ ಸಾಧಾರಣದ್ದು: ಇಂಟೆಲ್ ಐ5-10400, ಸ್ಟಿಕ್ ಕೂರಿಸಲು ಎರಡೇ ಸ್ಲಾಟ್ ಇರುವ ಎಚ್410 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್, ಪ್ರೊಸೆಸರ್ ಜೊತೆ ಬಂದ ಫ್ಯಾನ್. ಮೊದಲು ಬ್ರೌಸರಿನ ಟ್ಯಾಬ್‌ಗಳು ತಾವಾಗಿಯೇ ಸತ್ತು ಹೋಗುತ್ತಿದ್ದವು. ಆಮೇಲೆ ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್, ಅಂದರೆ ಫೈಲಿನ ಡೇಟಾ ತಾಳೆಯಾಗುತ್ತಿಲ್ಲ ಅನ್ನುವ ದೂರು. ಆಮೇಲೆ ನೀಲಿ ಪರದೆ, ಅದೂ ಒಂದು ಸಲ "ಮೆಮೊರಿ ಮ್ಯಾನೇಜ್‌ಮೆಂಟ್", ಇನ್ನೊಂದು ಸಲ "ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ". ಹೀಗೆ ದಿನಕ್ಕೊಂದು ಹೆಸರಿನ ಎರರ್ ಬಂದರೆ ಡ್ರೈವರ್ ಮೇಲೆ ಅನುಮಾನ ಪಡುವುದಕ್ಕಿಂತ ಮೊದಲು ಮೆಮೊರಿ ನೋಡಬೇಕು. ಅಂಗಡಿಯವರು ಅಲ್ಲಿಯವರೆಗೆ ಸರಿಯಾಗೇ ಯೋಚಿಸಿದ್ದರು. ಎಡವಿದ್ದು ಮುಂದಿನ ಹೆಜ್ಜೆಯಲ್ಲಿ: ಮೆಮೊರಿ ಎರರ್ ಅಂದರೆ ಸ್ಟಿಕ್ ಕೆಟ್ಟಿದೆ ಅಂದುಕೊಂಡರು.

ಹಾಗಾದರೆ ಪ್ರತಿ ಸಲ ಹೊಸ ಸ್ಟಿಕ್ ಹಾಕಿದ ಮೇಲೆ ಕೆಲವು ವಾರ ಎಲ್ಲ ಸರಿಯಿದ್ದದ್ದು ಹೇಗೆ? ಎಲ್ಲರೂ ಮೋಸಹೋಗುವುದು ಇಲ್ಲೇ. ಸ್ಟಿಕ್ ಒತ್ತಿ ಕೂರಿಸುವಾಗ ಬೋರ್ಡ್ ಕೂದಲೆಳೆಯಷ್ಟು ಬಾಗುತ್ತದೆ. ಎಲ್ಲೋ ಸಡಿಲವಾಗಿದ್ದ ಸಂಪರ್ಕ ಆ ಒತ್ತಡಕ್ಕೆ ಮತ್ತೆ ತಾಗುತ್ತದೆ. ದಿನವೂ ಬಿಸಿಯಾಗಿ ತಣ್ಣಗಾಗಿ ಅದು ಪುನಃ ಸಡಿಲವಾಗುವವರೆಗೆ ಕಂಪ್ಯೂಟರ್ ಗುಣವಾದಂತೆ ಕಾಣುತ್ತದೆ. ಹಳೆಯ ಸ್ಟಿಕ್ಕನ್ನೇ ತೆಗೆದು ಹಾಕಿದ್ದರೂ ಅದೇ ಆಗುತ್ತಿತ್ತು.

ಕಂಡುಹಿಡಿಯಲು ಒಂದು ದಾರಿಯಿದೆ, ಅದಕ್ಕೆ ಪುಡಿಗಾಸೂ ಖರ್ಚಿಲ್ಲ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಂ ಉಚಿತ, ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಇದ್ದರೆ ಮೊದಲು ಆಫ್ ಮಾಡಿ. ಡಿಡಿಆರ್4ರ ಮೂಲ ವೋಲ್ಟೇಜ್ 1.2, ಎಕ್ಸ್‌ಎಂಪಿಯಲ್ಲಿ ಸಾಮಾನ್ಯವಾಗಿ 1.35, ಆಫ್ ಮಾಡಿದ ಕೂಡಲೇ ಎರರ್ ನಿಂತುಹೋದರೆ ಆ ವೇಗ ತಾಳುತ್ತಿಲ್ಲ ಅಂತ ಅರ್ಥ. ನಿಲ್ಲದಿದ್ದರೆ ಒಂದೊಂದೇ ಸ್ಟಿಕ್ ಇಟ್ಟು ಪರೀಕ್ಷಿಸಿ: ಮೊದಲನೆಯದನ್ನು ಒಂದನೇ ಸ್ಲಾಟಿನಲ್ಲಿ, ಆಮೇಲೆ ಎರಡನೇ ಸ್ಲಾಟಿನಲ್ಲಿ, ಎರಡನೆಯದನ್ನೂ ಹಾಗೆಯೇ. ಒಟ್ಟು ನಾಲ್ಕು ಪರೀಕ್ಷೆ, ಪ್ರತಿಯೊಂದಕ್ಕೂ ಕನಿಷ್ಠ ನಾಲ್ಕು ಪಾಸ್ (ಪಾಸ್ ಅಂದರೆ ಪೂರ್ತಿ ಪರೀಕ್ಷೆಯ ಒಂದು ಸುತ್ತು). ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಪ್ರತಿ ಸಲ ಸ್ಟಿಕ್ ಮುಟ್ಟುವ ಮೊದಲು ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಂದೇ ಒಂದು ಕೆಂಪು ಸಾಲು ಬಂದರೂ ಫೇಲ್. "ಎರಡೇ ಎರರ್ ತಾನೆ" ಅನ್ನುವ ಲೆಕ್ಕ ಮೆಮೊರಿಯಲ್ಲಿ ನಡೆಯುವುದಿಲ್ಲ.

ಎರರ್ ಸ್ಟಿಕ್ಕಿನ ಹಿಂದೆ ಹೋದರೆ ಸ್ಟಿಕ್ ಕೆಟ್ಟಿದೆ. ಸ್ಲಾಟಿನಲ್ಲೇ ಉಳಿದರೆ ಸ್ಟಿಕ್ ನಿರಪರಾಧಿ. ಈ ಮಷಿನ್‌ನಲ್ಲಿ ಒಂದನೇ ಸ್ಲಾಟಿನಲ್ಲಿ ಎರಡೂ ಸ್ಟಿಕ್ ಪಾಸ್; ಎರಡನೇ ಸ್ಲಾಟಿನಲ್ಲಿ ಎರಡೂ ಮೊದಲ ಪಾಸ್ ಮುಗಿಯುವ ಮೊದಲೇ ಫೇಲ್. ಇಷ್ಟು ಗೊತ್ತಾಗಲು ಹದಿನಾಲ್ಕು ತಿಂಗಳು ಬೇಕಿರಲಿಲ್ಲ.

ಸ್ಲಾಟ್ ಕೆಟ್ಟಿದೆ ಅಂದ ಕೂಡಲೇ ಬೋರ್ಡ್ ಬದಲಿಸಲು ಓಡಬೇಡಿ. ಮೆಮೊರಿಯನ್ನು ನಿಭಾಯಿಸುವ ಕಂಟ್ರೋಲರ್ ಇರುವುದು ಪ್ರೊಸೆಸರಿನೊಳಗೆ. ಸ್ಲಾಟಿನಿಂದ ಹೊರಟ ಗೆರೆಗಳು ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಿನ್ನುಗಳ ಮೂಲಕವೇ ಅಲ್ಲಿಗೆ ತಲುಪಬೇಕು. ಈ ಸಾಕೆಟ್ಟಿನಲ್ಲಿ 1200 ಪಿನ್ನುಗಳಿವೆ. ಆದ್ದರಿಂದ ಮೊದಲು ಫ್ಯಾನ್ ನೋಡಿ. ಇಂಟೆಲ್ ಫ್ಯಾನಿನ ನಾಲ್ಕು ಪುಶ್‌ಪಿನ್‌ಗಳಲ್ಲಿ ಒಂದು ಕಚ್ಚಿಕೊಳ್ಳದಿದ್ದರೂ ಪ್ರೊಸೆಸರಿನ ಮೇಲೆ ಒತ್ತಡ ಓರೆಯಾಗುತ್ತದೆ, ಒಂದು ಚಾನೆಲ್ (ಒಂದು ಸ್ಲಾಟಿನ ಮೆಮೊರಿ ದಾರಿ) ಕೈಕೊಡಲು ಅಷ್ಟೇ ಸಾಕಾಗಬಹುದು. ನಾಲ್ಕನ್ನೂ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಬಿಡಿಸಿ, ಹೊಸ ಥರ್ಮಲ್ ಪೇಸ್ಟ್ ಹಾಕಿ, ಪುಶ್‌ಪಿನ್‌ಗಳನ್ನು ಮೊದಲಿನ ಸ್ಥಾನಕ್ಕೆ ಹಿಂದಿರುಗಿಸಿ, ಮೂಲೆಗೆ ಮೂಲೆಯಂತೆ ಎದುರುಬದುರು ಒತ್ತಿ. ಟಕ್ ಅನ್ನುವ ಸದ್ದು ನಾಲ್ಕು ಸಲ ಕೇಳಬೇಕು.

ಇಲ್ಲಿ ಒಂದು ಪುಶ್‌ಪಿನ್ ಕಚ್ಚಿರಲಿಲ್ಲ. ಸರಿಪಡಿಸಿದ ಮೇಲೂ ಎರರ್ ಹೋಗದ್ದರಿಂದ ಪ್ರೊಸೆಸರ್ ಎತ್ತಿ ನೋಡಬೇಕಾಯಿತು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಪಿನ್ನುಗಳ ತುದಿಗಳು ನಾಟಿ ಮಾಡಿದ ಗದ್ದೆಯ ಹಾಗೆ ಸಾಲಾಗಿ ಮಿನುಗುತ್ತವೆ. ಅಂಚಿನ ಹತ್ತಿರ ಒಂದು ಮಾತ್ರ ಸಾಲು ಬಿಟ್ಟು ಪಕ್ಕದ ಪಿನ್ನಿನ ಕಡೆ ವಾಲಿತ್ತು, ಅದರ ಬುಡದಲ್ಲಿ ಬೂದು ಪೇಸ್ಟಿನ ಸಣ್ಣ ಕಲೆ. ಜೋಡಿಸಿದವರೋ ಪೇಸ್ಟ್ ಬದಲಿಸಿದವರೋ, ಯಾರದೋ ಕೈತಪ್ಪು. ಇದನ್ನು ಮನೆಯಲ್ಲಿ ಸೂಜಿ ಹಿಡಿದು ಕೆದಕಬೇಡಿ. ಹತ್ತಿಯಿಂದ ಒರೆಸಲೂಬೇಡಿ, ನೂಲು ಸಿಕ್ಕಿಕೊಂಡು ಇನ್ನೆರಡು ಪಿನ್ ಬಾಗುತ್ತವೆ. ಮೊಬೈಲ್ ಬೋರ್ಡ್ ರಿಪೇರಿ ಮಾಡುವವರ ಹತ್ತಿರ ಮೈಕ್ರೋಸ್ಕೋಪ್ ಇರುತ್ತದೆ. ಇಲ್ಲಿ ಪಿನ್ ನೇರವಾಗಿದ್ದು ಅಂಥ ಒಬ್ಬರ ಮೇಜಿನ ಮೇಲೆ.

ಇನ್ನು ಸ್ಟಿಕ್ಕಿನ ಸಂಪರ್ಕದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಚಾಳಿ. ಸ್ಟಿಕ್ಕಿನ ಚಿನ್ನದ ಲೇಪ ತೀರಾ ತೆಳು. ಪ್ರತಿ ಸಲ ಉಜ್ಜಿದಾಗಲೂ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತದೆ. ಕರಾವಳಿಯ ಮಳೆಗಾಲದ ತೇವಕ್ಕೆ ಕೊಳೆ ಹಿಡಿದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನಯವಾದ ಬಟ್ಟೆ ಸಾಕು.

ನಾಲ್ಕೂ ಪರೀಕ್ಷೆ ಫೇಲ್ ಆದರೆ ಬೇರೆ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಹಾಕಿ ನೋಡಿ. 12 ವೋಲ್ಟ್ ಲೈನು 11.4ರಿಂದ 12.6ರ ಒಳಗಿರಬೇಕು. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದ್ದರೆ ಆ ಪ್ಲಗ್ಗಿಗೆ ಅರ್ತ್ ಇಲ್ಲ ಅಂತಲೇ ತಿಳಿದು ಮೊದಲು ಎಲೆಕ್ಟ್ರಿಷಿಯನ್‌ನ ಕರೆಸಿ.

ಈ ಪ್ರಕರಣದಲ್ಲಿ ನಿಜವಾದ ನಷ್ಟ ರ‍್ಯಾಮಿನ ದುಡ್ಡಲ್ಲ. ಪ್ರತಿ ಸಲ ವಿಂಡೋಸ್ ಹಾಕುವ ಮೊದಲು ಅದೇ ಮಷಿನ್‌ನಲ್ಲೇ ಫೋಟೋಗಳನ್ನು ಬ್ಯಾಕಪ್ ಡಿಸ್ಕಿಗೆ ನಕಲಿಸಿ, ಮೂಲವನ್ನು ಅಳಿಸಿದ್ದರು. ಈಗ ತೆರೆದರೆ ಕೆಲವು ಫೋಟೋ ಮೇಲರ್ಧ ಸರಿ, ಕೆಳಗರ್ಧ ಬರೀ ಬೂದು. ಕೆಟ್ಟ ಮೆಮೊರಿಯ ಮೂಲಕ ಹಾದುಹೋದ ಫೈಲು ಕೆಡುವಾಗ ಯಾವ ಎಚ್ಚರಿಕೆಯೂ ಬರುವುದಿಲ್ಲ. ಎರರ್ ಶುರುವಾದ ದಿನವೇ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ನಕಲಿಸಿ. ಮೆಮ್‌ಟೆಸ್ಟ್ ಪಾಸಾಗುವವರೆಗೆ ವಿಂಡೋಸ್ ಹಾಕಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅಂಗಡಿಗೆ ಕೊಡುವವರಿಗೆ ಎರಡು ಮಾತು. ರ‍್ಯಾಮ್ ಹೋಗಿದೆ ಅಂದರೆ, ಅದೇ ಸ್ಟಿಕ್ಕನ್ನು ಅವರ ಮಷಿನ್‌ಗೆ ಹಾಕಿ ಕೆಂಪು ಸಾಲು ತೋರಿಸಲು ಹೇಳಿ. ಪ್ರೊಸೆಸರ್ ಬಿಚ್ಚುವುದಾದರೆ ನಿಮ್ಮೆದುರೇ ಬಿಚ್ಚಿಸಿ, ಸಾಕೆಟ್ಟಿನ ಫೋಟೋ ತೆಗೆದುಕೊಳ್ಳಿ. ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಹೊಸ ಬೋರ್ಡಿನ ಸಾಕೆಟ್ ಮೇಲಿರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನೂ ಬಿಸಾಡಬೇಡಿ, ಬೋರ್ಡ್ ವಾಪಸ್ ಕಳಿಸುವಾಗ ಅದು ಬೇಕಾಗುತ್ತದೆ.