ಸೆಕ್ಷನ್ 22ರ ಕೇಸಿಗೆ ಸರ್ಕಾರಿ ಉಚಿತ ವಕೀಲರು ಸಾಕೇ?

ಹಾಸನದ ಕೋರ್ಟಿನ ಆಸುಪಾಸಿನ ಯಾವ ಟೀ ಅಂಗಡಿಯಲ್ಲಾದರೂ ಕೊಲೆ ಕೇಸಿನ ಮಾತು ಬರಲಿ, ತೀರ್ಪು ಅಲ್ಲೇ ಹೊರಬೀಳುತ್ತದೆ. “ತಲೆ ಸರಿಯಿಲ್ಲ ಅಂತ ಒಂದು ಸರ್ಟಿಫಿಕೇಟ್ ತಂದ್ರೆ ಮುಗೀತು, ಬಿಟ್ಬಿಡ್ತಾರೆ” ಅಂತ ಒಬ್ಬರು. “ಅದಕ್ಕೆ ಬೆಂಗಳೂರಿಂದ ದೊಡ್ಡ ಲಾಯರನ್ನೇ ಕರೆಸ್ಬೇಕು” ಅಂತ ಪಕ್ಕದವರು. ಎರಡನ್ನೂ ನಂಬಿ ತೋಟ ಅಡವಿಡಲು ಹೊರಡುವ ಮನೆಯವರಿಗಾಗಿ ಈ ವಿಮರ್ಶೆ. ಇಲ್ಲಿ ನೋಡುತ್ತಿರುವುದು ಕಾನೂನು ಸೇವಾ ಪ್ರಾಧಿಕಾರದ ಉಚಿತ ಸೇವೆಯನ್ನು, ಅಂದರೆ 2022ರ ಯೋಜನೆಯಡಿ ಬಂದ ‘ಕಾನೂನು ನೆರವು ಅಭಿರಕ್ಷಕರ’ ವ್ಯವಸ್ಥೆಯನ್ನು. ಅದೂ ಬುದ್ಧಿಭ್ರಮಣೆಯ ವಾದ, ಅಂದರೆ ಸೆಕ್ಷನ್ 22ರ ವಾದ, ಹೂಡಬೇಕಾದ ಕ್ರಿಮಿನಲ್ ಕೇಸಿನ ಮಟ್ಟಿಗೆ ಮಾತ್ರ. ಐದಕ್ಕೆ ಮೂರೂವರೆ ಕೊಡಬಹುದು. ಕಳೆದ ಒಂದೂವರೆ ಅಂಕ ಯಾಕೆ ಅನ್ನುವುದು ಮುಂದೆ ಬರುತ್ತದೆ.

ಸೇವೆ ಸಿಗುವುದು ಸಲೀಸು. ಆರೋಪಿ ಕಸ್ಟಡಿಯಲ್ಲಿದ್ದರೆ ಆದಾಯ ಎಷ್ಟು ಅಂತ ಯಾರೂ ಕೇಳುವ ಹಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಅದನ್ನು ನೇರವಾಗಿಯೇ ಹೇಳುತ್ತದೆ. ಜೈಲಿನಿಂದಲೇ ಅರ್ಜಿ ಕಳಿಸಬಹುದು, ಮನೆಯವರು ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು. ಹೋಗುವಾಗ ಎಫ್‌ಐಆರ್ ನಂಬರ್, ಠಾಣೆಯ ಹೆಸರು, ಮುಂದಿನ ವಾಯಿದೆ ದಿನಾಂಕ ಬರೆದುಕೊಂಡು ಹೋಗಿ. ನಮಗೆ ಇಂಥವರೇ ಬೇಕು ಅಂತ ವಕೀಲರನ್ನು ಆರಿಸಿಕೊಳ್ಳಲು ಬರುವುದಿಲ್ಲ. ಹೊಂದಾಣಿಕೆಯಾಗದಿದ್ದರೆ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ಬರೆದು ಕೊಡಬೇಕು. ಯಾವ ಹಂತದಲ್ಲೂ ಫೀಸಿಲ್ಲ. ಯಾರಾದರೂ ‘ಖರ್ಚಿಗೆ’ ಅಂತ ಕೈಚಾಚಿದರೆ ಅದನ್ನೂ ಅಲ್ಲೇ ಬರೆದು ಕೊಡಿ.

ಇನ್ನು ವಾದದ ವಿಷಯ. 2024ರ ಜುಲೈ 1ರಿಂದ ಈಚಿನ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ಅದಕ್ಕೂ ಹಿಂದಿನದಾದರೆ ಹಳೆಯ ಐಪಿಸಿಯ 84. ಒಳಗಿನ ಮಾತು ಹೆಚ್ಚುಕಡಿಮೆ ಒಂದೇ: ಕೃತ್ಯ ಎಸಗುವ ಹೊತ್ತಿನಲ್ಲಿ, ಬುದ್ಧಿ ಸ್ವಸ್ಥವಿಲ್ಲದ ಕಾರಣಕ್ಕೆ, ತಾನು ಮಾಡುತ್ತಿರುವುದು ಏನು ಅಂತಲೋ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಅಂತಲೋ ತಿಳಿಯುವ ಶಕ್ತಿಯೇ ಇರಲಿಲ್ಲ ಅನ್ನುವುದು. ಇದರ ಬೇರು 1843ರ ಇಂಗ್ಲೆಂಡಿನ ಮೆಕ್‌ನಾಟನ್ ನಿಯಮಗಳಲ್ಲಿದೆ. ‘ಕಾಯಿಲೆ ಇದೆ’ ಅನ್ನುವುದಷ್ಟೇ ಸಾಲದು. ‘ಗೊತ್ತಿತ್ತು, ಆದರೆ ಕೈ ತಡೆಯಲಾಗಲಿಲ್ಲ’ ಅನ್ನುವುದಂತೂ ಇಲ್ಲಿ ನಡೆಯುವುದೇ ಇಲ್ಲ.

ಮನೆಯವರು ಅತಿ ಹೆಚ್ಚು ಎಡವುವುದು ಎರಡು ಪ್ರಶ್ನೆಗಳನ್ನು ಕಲಸಿಕೊಂಡು. ಇವತ್ತು ಆರೋಪಿ ಕಟಕಟೆಯಲ್ಲಿ ನಿಂತು ತನ್ನ ಪರ ಹೇಳಿಕೊಳ್ಳಲು ಶಕ್ತನೇ ಅನ್ನುವುದು ಒಂದು. ಅದು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367, 368ನೇ ಸೆಕ್ಷನ್‌ಗಳಿಗೆ ಸೇರಿದ್ದು. ಆ ದಿನ, ಆ ಗಳಿಗೆಯಲ್ಲಿ ಅವನ ಬುದ್ಧಿ ಹೇಗಿತ್ತು ಅನ್ನುವುದು ಇನ್ನೊಂದು. 22ನೇ ಸೆಕ್ಷನ್ ಕೇಳುವುದು ಅದನ್ನೇ. ಜೈಲಿಂದ ಹಾಸನದ ಹಿಮ್ಸ್‌ಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸಿ ತರಿಸುವ ವರದಿ ಮುಖ್ಯವಾಗಿ ಮೊದಲನೆಯದಕ್ಕೆ ಉತ್ತರ. ‘ಸದ್ಯಕ್ಕೆ ವಿಚಾರಣೆಗೆ ಶಕ್ತನಲ್ಲ’ ಅಂತ ಬಂದರೆ ವಿಚಾರಣೆಯನ್ನು ಮುಂದೂಡುತ್ತಾರೆ, ಅಷ್ಟಕ್ಕೇ ಕೇಸು ಬಿದ್ದುಹೋಗುವುದಿಲ್ಲ. ಆ ಅವಧಿಗೆ 369ರಡಿ ಬಿಡುಗಡೆ ಕೇಳಬಹುದು. ಒಳರೋಗಿಯಾಗಿ ಇರಿಸುವ ಅಗತ್ಯವಿಲ್ಲದೆ, ನಂಟರೋ ಸ್ನೇಹಿತರೋ ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ಚಿಕಿತ್ಸೆ ಕೊಡಿಸುತ್ತೇವೆ, ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳುತ್ತೇವೆ ಅಂತ ಮುಚ್ಚಳಿಕೆ ಕೊಟ್ಟರೆ, ಜಾಮೀನು ಸಿಗದ ಅಪರಾಧವಾದರೂ ಬಿಡಲು ಅವಕಾಶವಿದೆ. ಈ ಅರ್ಜಿ ಹಾಕಲು ಉಚಿತ ವಕೀಲರು ಧಾರಾಳ ಸಾಕು.

ಈ ವಾದದ ರುಜುವಾತಿನ ಹೊಣೆ ಆರೋಪಿಯ ಮೇಲೆ. ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್ (ಹಳೆಯ ಸಾಕ್ಷ್ಯ ಕಾಯ್ದೆಯ 105) ಹೇಳುವುದು ಅದನ್ನೇ. ಆದರೆ ಸರ್ಕಾರಿ ಅಭಿಯೋಜಕರ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ‘ಹೀಗೇ ಇದ್ದಿರಬೇಕು’ ಅನ್ನುವಷ್ಟು ತೂಕ ಇತ್ತ ವಾಲಿದರೆ ಆಯಿತು. ಆ ಗಳಿಗೆಯನ್ನು ಯಾವ ಡಾಕ್ಟರೂ ನೋಡಿರುವುದಿಲ್ಲವಲ್ಲ, ಹಾಗಾಗಿ ಹಿಂದೆ ಏನಾಯಿತು, ಆಗ ಏನಾಯಿತು, ಆಮೇಲೆ ಏನಾಯಿತು ಅನ್ನುವುದರಿಂದ ಊಹಿಸಬೇಕು ಅಂತ ಸುಪ್ರೀಂ ಕೋರ್ಟ್ 1964ರಲ್ಲೇ ದಾಹ್ಯಾಭಾಯಿ ಪ್ರಕರಣದಲ್ಲಿ ಹೇಳಿದೆ. ಹೆಂಡತಿಯ ಮೈಮೇಲೆ 44 ಗಾಯಗಳಿದ್ದ ಆ ಕೇಸಿನಲ್ಲಿ ಆರೋಪಿ ಸೋತ. ಎಷ್ಟು ಕ್ರೂರವಾಗಿ ಕೊಂದ ಅನ್ನುವುದರಿಂದಲೇ ಹುಚ್ಚು ಸಾಬೀತಾಗುವುದಿಲ್ಲ. 2002ರ ಮಹಾರಾಷ್ಟ್ರದ ಕೇಸಿನಲ್ಲಿ ಹೆಂಡತಿಯನ್ನು ರುಬ್ಬುವ ಕಲ್ಲಿನಿಂದ ಕೊಂದ ಪೊಲೀಸ್ ಕಾನ್‌ಸ್ಟೇಬಲ್ ಮಾತ್ರ ಗೆದ್ದ. ಅವನಿಗೆ ಸ್ಕಿಜೋಫ್ರೇನಿಯಾಕ್ಕೆ ಘಟನೆಗೂ ಮುಂಚಿನ ಚಿಕಿತ್ಸೆಯ ದಾಖಲೆ ಇತ್ತು, ತಂದೆಗೂ ಮಾನಸಿಕ ಕಾಯಿಲೆ ಇತ್ತು, ಹಗಲಲ್ಲೇ ನಡೆದರೂ ಅವನು ಓಡಲಿಲ್ಲ, ಅಡಗಲಿಲ್ಲ.

ಹಾಗಾಗಿ ಗೆಲ್ಲಿಸುವ ವಸ್ತು ಮನೆಯ ಟ್ರಂಕಿನಲ್ಲಿರುತ್ತದೆ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ಕಿನ ಒಂದು ಓಪಿಡಿ ಚೀಟಿ ಇದೆ ಅಂದುಕೊಳ್ಳಿ. ಮೇಲೆ ದಿನಾಂಕ, ಸೀಲು. ನಡುವೆ ‘ಕಿವಿಯಲ್ಲಿ ದನಿ ಕೇಳುತ್ತದೆ, ಹೆಂಡತಿ ವಿಷ ಹಾಕುತ್ತಾಳೆಂಬ ಅನುಮಾನ’ ಅಂತ ಡಾಕ್ಟರ ಟಿಪ್ಪಣಿ. ಕೆಳಗೆ ರಿಸ್ಪೆರಿಡೋನ್ ಮಾತ್ರೆ, 30 ದಿನಕ್ಕೆ. ಕೊನೆಯಲ್ಲಿ ಮುಂದಿನ ಭೇಟಿಯ ತಾರೀಖು. ಆ ತಾರೀಖಿಗೆ ಹೋಗಿಲ್ಲ, ಅದಾಗಿ ಏಳು ವಾರಕ್ಕೆ ಘಟನೆ. ಈ ಒಂದು ಚೀಟಿಯಿಂದ ಕಾಯಿಲೆ ಮುಂಚಿನಿಂದಲೇ ಇತ್ತು, ಅನುಮಾನ ಸತ್ತವಳ ಮೇಲೇ ಇತ್ತು, ಮಾತ್ರೆ ನಿಂತಿತ್ತು ಅನ್ನುವ ಮೂರೂ ಸಂಗತಿ ಸಿಗುತ್ತವೆ. ಘಟನೆಯಾದ ಮೇಲೆ ಬರೆಸಿದ ಹತ್ತು ಪುಟದ ಸರ್ಟಿಫಿಕೇಟಿಗೂ ಈ ತೂಕವಿಲ್ಲ. ಮೆಡಿಕಲ್ ಶಾಪಿನ ಬಿಲ್ಲುಗಳಿದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ. ಆ ನುಣುಪು ಕಾಗದದ ಅಕ್ಷರ ವರ್ಷ ಕಳೆಯುವುದರೊಳಗೆ ಮಾಸಿಹೋಗುತ್ತದೆ. ಚೀಟಿ ಕಳೆದಿದ್ದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ನಿನಡಿ ಆಸ್ಪತ್ರೆಯಿಂದಲೇ ದಾಖಲೆ ಕೇಳಬಹುದು. ಕೊಡದಿದ್ದರೆ ಸುರಕ್ಷಾ ಸಂಹಿತೆಯ 94ರಡಿ ಕೋರ್ಟಿನಿಂದ ತರಿಸಿಕೊಳ್ಳಲು ವಕೀಲರಿಗೆ ಹೇಳಿ.

ಮಲೆನಾಡಿನ ಕಡೆ ಆಸ್ಪತ್ರೆಗಿಂತ ಮೊದಲು ದೇವರ ಬಳಿ ಕೇಳಿಸುವುದೇ ಹೆಚ್ಚು. ಚೀಟಿಯೇ ಇಲ್ಲ ಅಂತ ಕೈಚೆಲ್ಲಬೇಡಿ. ತಾಯತ ಕಟ್ಟಿದವರು, ಲೈನ್ ಮನೆಯ ಅಕ್ಕಪಕ್ಕದವರು, ವಾರಗಟ್ಟಲೆ ಕೆಲಸಕ್ಕೆ ಬಂದಿಲ್ಲ ಅಂತ ತೋರಿಸುವ ಎಸ್ಟೇಟಿನ ಹಾಜರಿ ಪುಸ್ತಕ, ಅದನ್ನು ಬರೆದ ರೈಟರ್, ಇವೆಲ್ಲ ‘ಹಿಂದಿನ ನಡವಳಿಕೆ’ಗೆ ಸಾಕ್ಷಿಯೇ.

ಅಂಕ ಕಳೆದದ್ದು ಇಲ್ಲೇ. ಉಚಿತ ವಕೀಲರ ಕೈಯಲ್ಲಿ ಬೇರೆ ಕೇಸುಗಳೂ ಇರುತ್ತವೆ, ಸಕಲೇಶಪುರಕ್ಕೋ ಮೂಡಿಗೆರೆಗೋ ಬಂದು ಟ್ರಂಕು ತೆರೆಯುತ್ತಾರೆ ಅಂತ ಕಾಯಬೇಡಿ. ಕಾಗದ ತಾರೀಖಿನ ಕ್ರಮದಲ್ಲಿ ಜೋಡಿಸಿ, ಒಂದು ಪುಟದ ಪಟ್ಟಿ ಮಾಡಿ, ದೋಷಾರೋಪ ಪಟ್ಟಿಯ ನಕಲು ಕೈಸೇರಿದ ವಾರದಲ್ಲೇ ಕೊಡಿ. ತಡವಾದರೆ ಏನಾಗುತ್ತದೆಂದರೆ, ಮೊದಲ ಸಾಕ್ಷಿಗಳ ಪಾಟೀಸವಾಲಿನಲ್ಲಿ ಕಾಯಿಲೆಯ ಸುದ್ದಿಯೇ ಬರುವುದಿಲ್ಲ. ಕೊನೆಗೆ ಕೋರ್ಟು ಆರೋಪಿಯನ್ನೇ ಕೇಳಿ ಬರೆದುಕೊಳ್ಳುವ ಸುರಕ್ಷಾ ಸಂಹಿತೆಯ 351ರ ಹೇಳಿಕೆಯಲ್ಲಿ ‘ನನಗೆ ತಲೆ ಸರಿಯಿರಲಿಲ್ಲ’ ಅಂದರೆ ನ್ಯಾಯಾಧೀಶರಿಗೆ ಅದು ಆಮೇಲೆ ಹೊಳೆದ ನೆಪದಂತೆ ಕಾಣುತ್ತದೆ. ತನಿಖಾಧಿಕಾರಿಗೆ ತಪ್ಪದೆ ಕೇಳಿಸಬೇಕಾದ ಪ್ರಶ್ನೆ ಒಂದಿದೆ: ಕಾಯಿಲೆಯ ಇತಿಹಾಸ ಗೊತ್ತಿದ್ದೂ ವೈದ್ಯಕೀಯ ಪರೀಕ್ಷೆ ಯಾಕೆ ಮಾಡಿಸಲಿಲ್ಲ? ಅದನ್ನು ಮಾಡಿಸುವುದು ತನಿಖೆಯ ಕರ್ತವ್ಯ, ಮಾಡಿಸದಿದ್ದರೆ ಸಂಶಯದ ಲಾಭ ಆರೋಪಿಗೆ ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಇನ್ನೊಂದು ಎಡವಟ್ಟು ಮನೆಯವರದೇ. ಮರ್ಯಾದೆಗೆ ಅಂಜಿ ಠಾಣೆಯಲ್ಲಿ ‘ಚೆನ್ನಾಗೇ ಇದ್ದ’ ಅಂತ ಹೇಳಿಕೆ ಕೊಟ್ಟು, ಕೋರ್ಟಿನಲ್ಲಿ ‘ಹತ್ತು ವರ್ಷದ ಕಾಯಿಲೆ’ ಅಂದರೆ ಸರ್ಕಾರಿ ಅಭಿಯೋಜಕರಿಗೆ ಅಷ್ಟೇ ಸಾಕು.

ತೀರ್ಪು ಎತ್ತ ಅಂತ ಅಂದಾಜು ಮಾಡಲು ಮಹಜರು ಓದಿ. ಕತ್ತಿಯನ್ನು ಕಾಫಿ ಗಿಡದ ಬುಡದಲ್ಲಿ ಹೂತಿದ್ದರೆ, ರಕ್ತದ ಬಟ್ಟೆ ತೊಳೆದಿದ್ದರೆ, ಜಮೀನಿನ ಜಗಳವೋ ಸಾಲವೋ ಹಿನ್ನೆಲೆಯಲ್ಲಿದ್ದರೆ ಯಾವ ವಕೀಲರಿಂದಲೂ ಕಷ್ಟ. ಶವದ ಪಕ್ಕವೇ ಕೂತಿದ್ದ, ಬಂದವರೊಡನೆ ಸಂಬಂಧವಿಲ್ಲದ ಮಾತಾಡುತ್ತಿದ್ದ ಅಂತ ಸರ್ಕಾರದ ಸಾಕ್ಷಿಗಳೇ ಹೇಳಿ, ಹಳೆಯ ಚೀಟಿಯೂ ಇದ್ದರೆ ವಾದಕ್ಕೆ ಜೀವವಿದೆ. ಕುಡಿದಿದ್ದ ಅನ್ನುವುದು ಬೇರೆ ದಾರಿ. ನ್ಯಾಯ ಸಂಹಿತೆಯ 23ನೇ ಸೆಕ್ಷನ್ನಿನ ರಕ್ಷಣೆ ಅವನಿಗೆ ತಿಳಿಯದಂತೆ ಅಥವಾ ಅವನ ಇಚ್ಛೆಗೆ ವಿರುದ್ಧವಾಗಿ ಕುಡಿಸಿದ್ದರೆ ಮಾತ್ರ.

ಗೆದ್ದರೂ ಅವತ್ತೇ ಮನೆಗೆ ಕರೆದೊಯ್ಯುವ ಆಸೆ ಇಟ್ಟುಕೊಳ್ಳಬೇಡಿ. ಸುರಕ್ಷಾ ಸಂಹಿತೆಯ 373ರ ಪ್ರಕಾರ ಕೃತ್ಯ ಅವನೇ ಎಸಗಿದ್ದಾನೋ ಇಲ್ಲವೋ ಅಂತ ತೀರ್ಪಿನಲ್ಲಿ ಬರೆಯಲೇಬೇಕು. ಎಸಗಿದ್ದಾನೆ ಅಂತಾದರೆ 374ರಡಿ ಸುರಕ್ಷಿತ ಸ್ಥಳದಲ್ಲಿ ಇರಿಸಲು, ಇಲ್ಲವೇ ಭದ್ರತೆ ಪಡೆದು ನಂಟರಿಗೆ ಒಪ್ಪಿಸಲು ಆದೇಶವಾಗುತ್ತದೆ. ಒಪ್ಪಿಸಿಕೊಳ್ಳುವವರು ಯಾರು, ಮಾತ್ರೆ ಎಲ್ಲಿಂದ, ಆ ಮನೆಯಲ್ಲಿ ಸತ್ತವರ ಮಕ್ಕಳೂ ಇದ್ದಾರೆಯೇ ಅನ್ನುವುದನ್ನು ತೀರ್ಪಿಗೆ ಮೊದಲೇ ವಕೀಲರೊಡನೆ ಕೂತು ಮಾತಾಡಿ, ಅರ್ಜಿ ಸಿದ್ಧವಿಟ್ಟುಕೊಳ್ಳಿ.