ಅಕ್ಷರದ ಬಿಲ್ಲೆಗಳಿಗೆ ಯಾವ ಡಬ್ಬಿ? ಬಾಡಿಗೆ ಮನೆಯಲ್ಲಿ ಮಾಡಿದ ಹೋಲಿಕೆ

ಮಕ್ಕಳಿಗೆ ಮನೆಯಲ್ಲಿ ಪದ ಕಟ್ಟಿಸುವ ಅಕ್ಷರದ ಬಿಲ್ಲೆಗಳಿಗೆ ಡಬ್ಬಿ ಕೊಳ್ಳುವ ಮೊದಲು ಅದರೊಳಗೆ ಹೋಗುವ ಸಾಮಾನು ಎಷ್ಟು ಅಂತ ಲೆಕ್ಕ ಹಾಕಬೇಕು. ಇಂಗ್ಲಿಷಿನದು ಸುಲಭ. ಇರುವುದೇ 26 ಅಕ್ಷರ. ಕೆಲವು ಜಾಸ್ತಿ ಬೇಕು, ಕೆಲವು ಕಡಿಮೆ ಸಾಕು. ಯಾವುದು ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ, ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಆ ಲೆಕ್ಕ ಸಿದ್ಧವಾಗಿದೆ. ಅದರ 100 ಬಿಲ್ಲೆಗಳಲ್ಲಿ ಇ 12, ಎ ಮತ್ತು ಐ ತಲಾ 9, ಓ 8. ಕ್ಯೂ ಮತ್ತು ಝಡ್ ಒಂದೊಂದೇ. ಮನೆಯಲ್ಲಿ ಪದ ಕಟ್ಟಿಸುವುದಕ್ಕೆ ಇದರ ಅರ್ಧ ಇದ್ದರೂ ನಡೆಯುತ್ತದೆ.

ಕನ್ನಡದ್ದು ಹಾಗಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ ಅಂತ ಹೇಳಿಕೊಡುತ್ತೇವೆ ನಿಜ. ಆದರೆ ಮಗು ‘ಗಿಳಿ’ ಅಂತ ಜೋಡಿಸಲು ಕೂತರೆ ಬೇಕಾಗುವುದು ಗುಣಿತಾಕ್ಷರ. 34 ವ್ಯಂಜನಕ್ಕೂ ಸೊನ್ನೆ, ವಿಸರ್ಗ ಸೇರಿಸಿ 15 ರೂಪ ಅಂದರೆ 510 ಬಿಲ್ಲೆ. ಒತ್ತಕ್ಷರ ಇನ್ನೂ ಸೇರಿಲ್ಲ! ಇಷ್ಟನ್ನು ಇಡಲು ಇನ್ನೊಂದು ರೂಮೇ ಬೇಕು. ಇರುವುದು ಒಂದು ಬೆಡ್‌ರೂಮಿನ ಮನೆ. ಊಟ, ಪಾಠ, ಬಂದವರ ಮಲಗುವಿಕೆ ಎಲ್ಲ ಒಂದೇ ಹಾಲ್‌ನಲ್ಲಿ. ಗೋಡೆಗೆ ಮೊಳೆ ಹೊಡೆಯಬಾರದು ಅಂತ ಓನರ್ ಮೊದಲ ದಿನವೇ ಹೇಳಿದ್ದಾರೆ.

ಹಾಗಾಗಿ ಅಕ್ಷರಗಳನ್ನೇ ಬಿಡಿಬಿಡಿ ಮಾಡಿದ್ದೇವೆ. ವ್ಯಂಜನಗಳನ್ನು ತಲೆಕಟ್ಟು ಇಲ್ಲದೆ ದಪ್ಪ ರಟ್ಟಿನ ಮೇಲೆ ಬರೆದಿದ್ದೇವೆ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಐತ್ವ ಎಲ್ಲವೂ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಬೇರೆಯಾಗಿವೆ. ಬಿಲ್ಲೆಯ ಮೇಲೆ ಪಟ್ಟಿ ಇಟ್ಟರೆ ಅಕ್ಷರ ಮೂಡುತ್ತದೆ. ‘ಕ ಗುಡಿಸು ಕಿ’ ಅಂತ ಬಾಯಲ್ಲಿ ಹೇಳುವುದು ಕೈಯಲ್ಲೂ ಆಗುತ್ತದೆ. ಜ, ಟ, ಬ, ಲ ಇಂಥವಕ್ಕೆ ತಲೆಕಟ್ಟೇ ಇಲ್ಲ, ಅವು ಹಾಗೇ ಪೂರ್ತಿ. ಪು, ವು ಬರೆಯುವಾಗ ಕೊಂಬು ಕೆಳಗಿನಿಂದ ಬರುವುದರಿಂದ ಅದಕ್ಕೆಂದೇ ಇನ್ನೊಂದು ಕೊಂಬಿನ ಪಟ್ಟಿ ಬೇಕಾಯಿತು. ಸ್ವರ, ವ್ಯಂಜನ, ಪಟ್ಟಿ, ಒತ್ತು ಎಲ್ಲ ಸೇರಿ ಸುಮಾರು 100 ತುಂಡು. ಹೆಚ್ಚು ಬಳಸುವ ಅಕ್ಷರಗಳಿಗೆ ಎರಡು ಮೂರು ಪ್ರತಿ. ಇದಾದರೆ ಡಬ್ಬಿಯೊಳಗೆ ಹಿಡಿಯುವ ಮಾತು.

ಮನೆಯಲ್ಲಿ ಏಳು ವರ್ಷದ ಮಗಳು, ಐದು ವರ್ಷದ ಮಗ. ನಾನು ಡಬ್ಬಿಯಲ್ಲಿ ನೋಡುವುದು ಎರಡೇ ವಿಷಯ. ಮಕ್ಕಳು ನನ್ನನ್ನು ಕರೆಯದೆ ತಾವೇ ತೆಗೆದು, ತಾವೇ ವಾಪಸ್ ಇಡಬೇಕು. ಊಟದ ಹೊತ್ತಿಗೆ ಎಲ್ಲ ನೆಲದಿಂದ ಮಾಯವಾಗಬೇಕು. ಅಂದಚಂದ ಆಮೇಲೆ.

ಮೊದಲಿಗೆ ಬಾಗಿಲ ಹಿಂದೆ ನೇತುಹಾಕುವ, ಚಪ್ಪಲಿ ಇಡುವ ಜೇಬಿನ ಚೀಲ. ಮೊಳೆ ಬೇಡ, ಕೊಕ್ಕೆಯಲ್ಲಿ ಬಾಗಿಲಿಗೇ ಸಿಗಿಸಬಹುದು, ನೆಲದ ಜಾಗ ಒಂದಿಂಚೂ ಹೋಗುವುದಿಲ್ಲ. ಎಲ್ಲರೂ ಇದನ್ನೇ ಹೇಳುತ್ತಾರೆ. ಬಿಲ್ಲೆಗಳಿಗೆ ಇದು ಪ್ರಯೋಜನ ಇಲ್ಲ. 24 ಜೇಬು, ಒಂದೊಂದೂ ಮೊಣಕೈವರೆಗೆ ಆಳ. ಎರಡು ಬೆರಳಗಲದ ಬಿಲ್ಲೆ ತಳಕ್ಕೆ ಇಳಿದರೆ ಮಗು ಕೈ ಹಾಕಿ ತಡಕಾಡಬೇಕು. ಮೇಲಿನ ಎರಡು ಸಾಲು ಮಗನಿಗೆ ಎಟುಕುವುದೇ ಇಲ್ಲ. ಸ್ಲೇಟು, ಬಳಪ, ಕತ್ತರಿ, ಅಂಟು, ಸ್ಕೆಚ್ ಪೆನ್ನಿಗೆ ಮಾತ್ರ ಇದು ಒಳ್ಳೆಯದು. ಈಗ ಅದಕ್ಕೇ ಇದೆ. ಕೊಳ್ಳುವುದಾದರೆ ಬಟ್ಟೆಯದು ಬೇಡ, ಒಳಗಿರುವುದು ಕಾಣುವ ಪ್ಲಾಸ್ಟಿಕ್‌ನದು ತಗೊಳ್ಳಿ.

ನೋಡಲು ಎಲ್ಲಕ್ಕಿಂತ ಚಂದ ಇದ್ದದ್ದು ಮಾಂಟೆಸ್ಸರಿ ಪದ್ಧತಿಯ ಮರದ ಅಕ್ಷರಪೆಟ್ಟಿಗೆ. ಪರಿಚಯದವರೊಬ್ಬರು ಸ್ವಲ್ಪ ದಿನಕ್ಕೆ ಕೊಟ್ಟಿದ್ದರು. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ಶುರುಮಾಡಿದವರು. 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧದ ಕಾಲವನ್ನು ಅಡ್ಯಾರ್, ಕೊಡೈಕೆನಾಲ್ ಕಡೆ ಕಳೆದರು. ಅವರ ಪದ್ಧತಿಯ ಶಾಲೆಗಳಲ್ಲಿ ಈ ಪೆಟ್ಟಿಗೆ ಇದ್ದೇ ಇರುತ್ತದೆ. ಒಂದೊಂದು ಅಕ್ಷರಕ್ಕೂ ಒಂದೊಂದು ಗೂಡು, ನಮ್ಮ ಕೈಗೆ ಬಂದದ್ದರಲ್ಲಿ ಸ್ವರ ನೀಲಿ, ವ್ಯಂಜನ ಕೆಂಪು. ಮುಚ್ಚಳ ತೆಗೆದರೆ ಎಲ್ಲವೂ ಒಮ್ಮೆಗೇ ಕಾಣುತ್ತದೆ. ಆದರೆ ಅದನ್ನು ಬಿಚ್ಚಿಟ್ಟರೆ ಅರ್ಧ ಚಾಪೆ ಅದಕ್ಕೇ ಹೋಗುತ್ತದೆ, ಮಂಚದ ಕೆಳಗೆ ತಳ್ಳಿದರೆ ಮಗು ಎಳೆಯಲಾರದಷ್ಟು ಭಾರ. ಅದು ಶಾಲೆಯ ಸಾಮಾನು, ಮನೆಯದಲ್ಲ. ಗೂಡುಗಳ ಯೋಚನೆಯನ್ನು ಮಾತ್ರ ಇಟ್ಟುಕೊಂಡು ಪೆಟ್ಟಿಗೆ ವಾಪಸ್ ಕೊಟ್ಟೆವು.

ನಿಜವಾದ ಪೈಪೋಟಿ ಇರುವುದು ಅಡುಗೆಮನೆಯ ಮಸಾಲೆ ಡಬ್ಬಿಗೂ ಬೆಂಗಳೂರಿನ ಎಸ್‌.ಪಿ. ರೋಡಿನ ಸ್ಕ್ರೂ ಡಬ್ಬಿಗೂ.

ದುಂಡನೆಯ ಸ್ಟೀಲ್ ಮಸಾಲೆ ಡಬ್ಬಿಯಲ್ಲಿ ಏಳು ಬಟ್ಟಲು ಇರುತ್ತವೆ. ಸುತ್ತ ಆರು, ನಡುವೆ ಒಂದು. ಕನ್ನಡಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಕ, ಚ, ಟ, ತ, ಪ ವರ್ಗಗಳಿಗೆ ಐದು, ಯ ದಿಂದ ಳ ವರೆಗಿನ ಅವರ್ಗೀಯಕ್ಕೆ ಆರನೆಯದು, ನಡುವಿನ ಬಟ್ಟಲಿಗೆ ಸ್ವರ. ಮಗ ‘ದ’ ಹುಡುಕಬೇಕಾದರೆ 34 ಬಿಲ್ಲೆ ಕೆದಕಬೇಕಿಲ್ಲ. ‘ತಥದಧನ’ ಅಂತ ಒಮ್ಮೆ ಹೇಳಿಕೊಂಡು ತ ಬಟ್ಟಲಿಗೆ ಕೈ ಹಾಕುತ್ತಾನೆ. ಅಲ್ಲಿರುವುದು ಐದೇ ಅಕ್ಷರ. ವಾಪಸ್ ಹಾಕುವುದೂ ಅಷ್ಟೇ ಬೇಗ, ಯಾಕೆಂದರೆ ಬಟ್ಟಲೊಳಗೆ ಯಾವ ಕ್ರಮವೂ ಬೇಡ. ಅಡುಗೆಮನೆ ಕಪಾಟಿನಲ್ಲಿ ಸಾಂಬಾರ್ ಪುಡಿ ಪಕ್ಕದಲ್ಲೇ ಕೂರುತ್ತದೆ, ಬೇರೆ ಜಾಗ ಕೇಳುವುದಿಲ್ಲ.

ತೊಂದರೆಗಳೂ ಇವೆ. ಒಳಮುಚ್ಚಳ ಇಲ್ಲದ ಡಬ್ಬಿ ಓರೆಯಾದರೆ ಏಳೂ ಬಟ್ಟಲು ಕಲಸಿಹೋಗುತ್ತವೆ. ಕೊಳ್ಳುವಾಗ ಒಳಗೆ ಇನ್ನೊಂದು ತಟ್ಟೆಯಂಥ ಮುಚ್ಚಳ ಇರುವುದನ್ನೇ ಆರಿಸಿ. ಹಳೆಯ ಡಬ್ಬಿ ಬೇಡವೇ ಬೇಡ. ಎಷ್ಟು ತೊಳೆದರೂ ಇಂಗಿನ ವಾಸನೆ ರಟ್ಟಿಗೆ ಹತ್ತುತ್ತದೆ, ಮಕ್ಕಳು ಪಾಠ ಬಿಟ್ಟು ಬಿಲ್ಲೆ ಮೂಸುತ್ತಾ ಕೂರುತ್ತಾರೆ. ಇನ್ನು ಗುಣಿತದ ಪಟ್ಟಿಗಳಿಗೆ ಇದರಲ್ಲಿ ಜಾಗವೇ ಇಲ್ಲ. ಉದ್ದದ ಪಟ್ಟಿ ದುಂಡು ಬಟ್ಟಲಲ್ಲಿ ಬಾಗಿ ಸುರುಳಿಯಾಗುತ್ತದೆ.

ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಣ್ಣ ಬಿಡಿಭಾಗ, ಸ್ಕ್ರೂ, ನಟ್ ಇಡಲು ಮಾರುವ ಪ್ಲಾಸ್ಟಿಕ್ ಡಬ್ಬಿ ಇನ್ನೊಂದು ಥರ. ನಾವು ತಂದದ್ದು 36 ಗೂಡಿನದು, ಆರು ಸಾಲು, ಸಾಲಿಗೆ ಆರು. ಇದರಲ್ಲಿ ಅಕ್ಷರ ಕೂರಿಸುವುದೇ ಒಂದು ಖುಷಿ. ಮೊದಲ ಐದು ಸಾಲಿನ ಮೊದಲ ಐದೈದು ಗೂಡಿಗೆ ವರ್ಗೀಯ ವ್ಯಂಜನ 25. ಕೆಳಗಿನ ಸಾಲಿಗೆ ಯ ರ ಲ ವ ಶ ಷ. ಬಲಗಡೆ ಅಂಚಿನಲ್ಲಿ ಉಳಿದ ಐದು ಗೂಡಿಗೆ ಸ ಹ ಳ, ಆಮೇಲೆ ಸೊನ್ನೆ, ವಿಸರ್ಗ. 36ಕ್ಕೆ 36. ಒಂದೂ ಖಾಲಿ ಇಲ್ಲ, ಒಂದೂ ಹೆಚ್ಚಿಲ್ಲ.

ಇದರ ದೊಡ್ಡ ಲಾಭ ಅಡ್ಡ-ಉದ್ದ ಎರಡೂ ಕಡೆ ಅರ್ಥ ಇರುವುದು. ಅಡ್ಡಕ್ಕೆ ಓದಿದರೆ ವರ್ಗ. ಮೇಲಿನಿಂದ ಕೆಳಗೆ ಎರಡನೇ ಕಂಬದಲ್ಲಿ ಖ ಛ ಠ ಥ ಫ, ನಾಲ್ಕನೆಯದರಲ್ಲಿ ಘ ಝ ಢ ಧ ಭ, ಎಲ್ಲ ಮಹಾಪ್ರಾಣ. ಐದನೆಯದರ ಮೊದಲ ಐದೂ ಅನುನಾಸಿಕ. ಮಗಳು ‘ಧನ’ ಬರೆಯಲು ‘ದ’ ತೆಗೆದರೆ ನಾನು ಏನೂ ಹೇಳುವುದಿಲ್ಲ. ‘ಒಂದು ಗೂಡು ಪಕ್ಕಕ್ಕೆ ಹೋಗು’ ಅಂದರೆ ಸಾಕು. ದನಕ್ಕೂ ಧನಕ್ಕೂ ಇರುವ ದೂರ ಒಂದು ಗೂಡು ಅಂತ ಅವಳಿಗೆ ಕೈಯಲ್ಲೇ ಗೊತ್ತಾಗುತ್ತದೆ. ಮಸಾಲೆ ಡಬ್ಬಿಯಲ್ಲಿ ಇದು ಆಗುವುದಿಲ್ಲ, ಅಲ್ಲಿ ತಥದಧನ ಎಲ್ಲ ಒಂದೇ ರಾಶಿ.

ಆದರೆ ವಾಪಸ್ ಇಡುವುದು ನಿಧಾನ. ಐದು ವರ್ಷದವನಿಗೆ 36 ಗೂಡು ಅಂದರೆ ಶಿಕ್ಷೆ. ಅವನು ಎರಡು ನಿಮಿಷ ಪ್ರಯತ್ನಪಟ್ಟು ಉಳಿದದ್ದನ್ನೆಲ್ಲ ‘ಕ’ ಗೂಡಿಗೆ ತುರುಕುತ್ತಾನೆ. ಅಂಗಡಿಯಲ್ಲೇ ಪರೀಕ್ಷೆ ಮಾಡಬೇಕಾದ್ದು ಇನ್ನೊಂದಿದೆ. ಮುಚ್ಚಳ ಮುಚ್ಚಿದಾಗ ಗೂಡಿನ ಗೋಡೆಗೆ ತಾಗಬೇಕು. ನಡುವೆ ಕೂದಲೆಳೆ ಜಾಗ ಇದ್ದರೂ ತೆಳು ಬಿಲ್ಲೆ ಜಾರಿ ಪಕ್ಕದ ಗೂಡಿಗೆ ಹೋಗುತ್ತದೆ. ಒಂದು ವಿಸಿಟಿಂಗ್ ಕಾರ್ಡಿನ ಚೂರು ಹಾಕಿ, ಮುಚ್ಚಿ, ತಲೆಕೆಳಗೆ ಅಲ್ಲಾಡಿಸಿ ನೋಡಿ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ ಬಿಡಿ. ನಮ್ಮದು ಇನ್ನೂರು ರೂಪಾಯಿ ಒಳಗೇ ಸಿಕ್ಕಿತು.

ನನ್ನ ತೀರ್ಮಾನ ಇಷ್ಟು: ಕಾಗುಣಿತ ಇನ್ನೂ ಬರದ ಮಗುವಿಗೆ ಮಸಾಲೆ ಡಬ್ಬಿ, ಬಂದ ಮೇಲೆ ಸ್ಕ್ರೂ ಡಬ್ಬಿ. ಇಬ್ಬರು ಮಕ್ಕಳಿದ್ದರೆ ಎರಡೂ. ಒಂದನ್ನೇ ಕೊಳ್ಳಲು ಸಾಧ್ಯ ಅನ್ನುವವರು ಸ್ಕ್ರೂ ಡಬ್ಬಿ ತಂದು, ಮೊದಲು ಸಾಲಿಗೆ ಒಂದೇ ವರ್ಗ ಅಂತ ಸುರಿದಿಟ್ಟು, ಆಮೇಲೆ ಗೂಡು ಹಂಚಬಹುದು. ಕೆಲವು ಡಬ್ಬಿಗಳಲ್ಲಿ ನಡುವಿನ ತಡಿಕೆ ತೆಗೆಯಲು ಬರುತ್ತದೆ. ಅಂಥದ್ದು ಸಿಕ್ಕರೆ ಬಿಡಬೇಡಿ.

ಇಂಗ್ಲಿಷಿಗೆ ಇವೆರಡೂ ಬೇಕಿಲ್ಲ. ಅಲ್ಲಿ ಪೈಪೋಟಿ ಬೀರುವಿನ ಬಾಗಿಲಿಗೂ ಬಿಸ್ಕೆಟ್ ಡಬ್ಬಕ್ಕೂ. ಕಬ್ಬಿಣದ ಗಾಡ್ರೆಜ್ ಬೀರುವಿಗೆ ಅಯಸ್ಕಾಂತದ ಅಕ್ಷರ ಚೆನ್ನಾಗಿ ಅಂಟುತ್ತವೆ. ಮಗ ನಿಂತುಕೊಂಡೇ ಪದ ಕಟ್ಟುತ್ತಾನೆ. ಕೂತಲ್ಲಿ ಕೂರದ ಹುಡುಗನಿಗೆ ಅದೇ ದೊಡ್ಡ ಉಪಕಾರ. ಆದರೆ ಬೀರು ಆಡುವ ಜಾಗವೇ ಹೊರತು ಇಡುವ ಜಾಗ ಅಲ್ಲ. ಬೆಳಿಗ್ಗೆ ಯಾರೋ ಬಟ್ಟೆ ತೆಗೆಯಲು ಬಾಗಿಲು ಎಳೆದರೆ ನಾಲ್ಕು ಅಕ್ಷರ ಉದುರಿ ಬೀರು ಕೆಳಗೆ ಸೇರುತ್ತವೆ. ಪೊರಕೆ ಕಡ್ಡಿ ಹಾಕಿ ಎಳೆಯಬೇಕು. ಚಪ್ಪಟೆ ಬಿಸ್ಕೆಟ್ ಡಬ್ಬ ಎರಡೂ ಕೆಲಸ ಮಾಡುತ್ತದೆ. ಒಳಗೆ ಅಕ್ಷರ, ತಗಡಿನ ಮುಚ್ಚಳವೇ ಬೋರ್ಡು. ಸ್ಟೀಲ್ ತಟ್ಟೆಯನ್ನು ಬೋರ್ಡ್ ಮಾಡಿಕೊಳ್ಳೋಣ ಅಂದುಕೊಂಡರೆ ಸಾಮಾನ್ಯವಾಗಿ ಆಗುವುದಿಲ್ಲ, ಊಟದ ಪಾತ್ರೆಗಳ ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚಿನವಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಂಗಡಿಗೆ ಹೋಗುವಾಗ ಫ್ರಿಜ್‌ಗೆ ಅಂಟಿಸಿದ್ದ ಒಂದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ ಮುಟ್ಟಿಸಿ ನೋಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಿಲ್ಲೆ ಹಿಂದೆ ಸಣ್ಣ ಗುಂಡನೆಯ, ಜೋರಾಗಿ ಎಳೆಯುವ ಅಯಸ್ಕಾಂತ ಅಂಟಿಸಬೇಡಿ. ಅಂಟು ಬಿಟ್ಟು ಅವು ಉದುರುತ್ತವೆ. ಮಗು ಎರಡನ್ನು ನುಂಗಿದರೆ ಕರುಳಿನ ಮಡಿಕೆಗಳ ನಡುವೆ ಒಂದಕ್ಕೊಂದು ಅಂಟಿಕೊಂಡು ತೂತು ಮಾಡಬಹುದು, ಆಪರೇಷನ್ ಬೇಕಾಗಬಹುದು. ರಬ್ಬರಿನಂಥ ಅಯಸ್ಕಾಂತದ ಹಾಳೆ ಸಿಗುತ್ತದೆ, ಕತ್ತರಿಯಲ್ಲಿ ಕತ್ತರಿಸಿ ಬಿಲ್ಲೆಯಷ್ಟೇ ಅಗಲಕ್ಕೆ ಅಂಟಿಸಿ.

ಪೂರ್ತಿ ಪದ ಬರೆದ ಕಾರ್ಡುಗಳ ವಿಷಯ ಬೇರೆ. ಅವಕ್ಕೆ ಅವೆನ್ಯೂ ರೋಡಿನಲ್ಲಿ ಸಿಗುವ ವಿಸಿಟಿಂಗ್ ಕಾರ್ಡ್ ಆಲ್ಬಮ್. ಪುಸ್ತಕಗಳ ನಡುವೆ ನಿಲ್ಲುತ್ತದೆ. ಬಲೆ-ಬಳೆ, ಮನೆ-ಮಣೆ, ಕಲೆ-ಕಳೆ ಇಂಥ ಜೋಡಿಗಳನ್ನು ಎದುರುಬದುರು ಜೇಬಲ್ಲಿ ಇಟ್ಟರೆ ಪುಟ ತಿರುವುತ್ತಲೇ ಒಂದು ಪಾಠ ಮುಗಿಯುತ್ತದೆ. ಬರೆಯುವುದು ಮಾತ್ರ ಪೆನ್ಸಿಲ್ ಇಲ್ಲವೇ ಬಾಲ್ ಪೆನ್ನಿನಲ್ಲಿರಲಿ. ಮನೆಯ ಪ್ರಿಂಟರ್ ಇಂಕು ಮಳೆಗಾಲದ ತೇವಕ್ಕೆ ಪ್ಲಾಸ್ಟಿಕ್‌ಗೆ ಮೆತ್ತಿಕೊಂಡು ಬರುತ್ತದೆ. ಗುಣಿತದ ಪಟ್ಟಿಗಳೂ ಇದೇ ಆಲ್ಬಮ್‌ನ ಕೊನೆಯ ಪುಟಗಳಲ್ಲಿ, ಬಾಗದೆ ಇವೆ. ರವೆ, ಅಕ್ಕಿ ಹರಡಿ ಬೆರಳಲ್ಲಿ ತಿದ್ದಿಸುವ ತಟ್ಟೆಯನ್ನು ಹೋಲಿಕೆಗೇ ತಗೊಂಡಿಲ್ಲ. ಅದನ್ನು ಎಲ್ಲಿಟ್ಟರೂ ಇರುವೆ ಹುಡುಕಿಕೊಂಡು ಬರುತ್ತವೆ.

ಕೊನೆಯದಾಗಿ ಒತ್ತಕ್ಷರ. ಹೆಚ್ಚಿನ ಒತ್ತುಗಳು ಅದೇ ಅಕ್ಷರದ ತಲೆಕಟ್ಟು ಇಲ್ಲದ ಸಣ್ಣ ರೂಪ, ಹಾಗಾಗಿ ಆಯಾ ವ್ಯಂಜನದ ಗೂಡಲ್ಲೇ ಸೇರುತ್ತವೆ. ಆಟ ಆಡಿಸುವುದು ತ, ನ, ಮ, ಯ, ರ, ಲ ಈ ಆರರ ಒತ್ತು. ಅಕ್ಷರಕ್ಕೂ ಒತ್ತಿಗೂ ಹೋಲಿಕೆಯೇ ಇಲ್ಲ. ಜೊತೆಗೆ ಅರ್ಕಾವೊತ್ತು. ಒಟ್ಟು ಏಳು. ಗೂಡಲ್ಲಿ ಬೆರೆಸಿಟ್ಟರೆ ಮಗಳಿಗೆ ಸಿಗುವುದಿಲ್ಲ, ಬೇರೆ ಡಬ್ಬಿ ಅಂದರೆ ಇನ್ನೊಂದು ಸಾಮಾನು. ಮೆಡಿಕಲ್ ಶಾಪಿನಲ್ಲಿ ವಾರದ ಮಾತ್ರೆ ಇಡುವ ಏಳು ಖಾನೆಯ ಉದ್ದನೆ ಡಬ್ಬಿ ಸಿಗುತ್ತದಲ್ಲ, ಈಗ ಅದರಲ್ಲಿವೆ. ಸೋಮವಾರಕ್ಕೆ ತ, ಮಂಗಳವಾರಕ್ಕೆ ನ, ಭಾನುವಾರಕ್ಕೆ ಅರ್ಕಾವೊತ್ತು. ‘ಅಮ್ಮ’, ‘ಅಣ್ಣ’, ‘ಬೆಲ್ಲ’ ಮುಗಿದು ‘ಸೂರ್ಯ’ಕ್ಕೆ ಬಂದಾಗ ‘ಭಾನುವಾರ ಕೊಡು’ ಅಂತ ತಮ್ಮನಿಗೆ ಹೇಳುತ್ತಾಳೆ. ಡಬ್ಬಿ ಗಾತ್ರ ಸರಿಯಾಗಿದೆ, ಮುಚ್ಚಳಗಳು ಮಾತ್ರ ಸ್ವಲ್ಪ ಬಿಗಿ. ಚಿಕ್ಕವನ ಉಗುರಿಗೆ ಇನ್ನೂ ಬಗ್ಗಿಲ್ಲ.