ಪ್ಯಾಡಾ, ಸ್ಟೀಲ್ ಹೋಸಾ, ಸ್ಟಾಪರಾ? ಮೆತ್ತಗಿದ್ದ ಬ್ರೇಕ್ ಪೆಡಲ್‌ಗೆ ಮೂರೂ ಹಾಕಿ ನೋಡಿದೆ

ನಂದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕು, ಮುಂದೆ ಡಿಸ್ಕು ಹಿಂದೆ ಡ್ರಮ್ಮು, ಎಬಿಎಸ್ (ಜೋರಾಗಿ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಇದೆ. ಬ್ರೇಕ್ ಹಿಡಿಯಲ್ಲ ಅಂತಲ್ಲ, ಹಿಡಿಯುತ್ತೆ, ಆದ್ರೆ ತುಳಿದ್ರೆ ಪೆಡಲ್ ಮೆತ್ತಗೆ ಒಳಗೆ ಹೋಗ್ತಾ ಹೋಗೋದು, ಎಲ್ಲಿಂದ ಹಿಡಿಯೋಕೆ ಶುರು ಆಗುತ್ತೆ ಅಂತ ಕಾಲಿಗೆ ಗೊತ್ತೇ ಆಗ್ತಿರ್ಲಿಲ್ಲ. ತಿಂಗಳಿಗೆ ಎರಡು ಸಲ ಚಾರ್ಮಾಡಿ ಘಾಟಿ ಇಳಿಯೋನು ನಾನು, ಮಳೆಗಾಲದಲ್ಲಿ ಮಂಜು ಕವಿದಾಗ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ಒಂದೂವರೆ ವರ್ಷದಲ್ಲಿ ಮೂರು ಪಾರ್ಟು ಒಂದೊಂದಾಗಿ ಹಾಕಿಸಿ, ಪ್ರತಿ ಸಲ ಕೊಟ್ಟಿಗೆಹಾರದಿಂದ ಕೆಳಗೆ ಚಾರ್ಮಾಡಿ ಊರಿನ ತನಕ ಇಳಿದು ನೋಡಿದೀನಿ.

ಪಾರ್ಟ್ ತಗೊಳ್ಳೋ ಮುಂಚೆ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ ಏರ್ ತೆಗೆಸಿದೆ, ಇದನ್ನ ದಯವಿಟ್ಟು ಯಾರೂ ಬಿಡಬೇಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಎಳ್ಕೊಳುತ್ತೆ, ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಕಾದು ಒಳಗೆ ಆವಿ ಗುಳ್ಳೆ ಆಯ್ತು ಅಂದ್ರೆ ಪೆಡಲ್ ಸೀದಾ ಕೆಳಗೆ ಹೋಗುತ್ತೆ. ಜೊತೆಗೆ ಹಿಂದಿನ ಡ್ರಮ್ ಶೂ (ಡ್ರಮ್ಮಿಗೆ ಒಳಗಿಂದ ಒತ್ತಿ ಹಿಡಿಯೋ ಪಟ್ಟಿ) ಅಡ್ಜಸ್ಟ್ ಮಾಡಿಸಿದೆ, ಶೂ ಡ್ರಮ್ಮಿಂದ ದೂರ ಇದ್ರೆ ಆ ಗ್ಯಾಪ್ ತುಂಬೋಕೇ ಅರ್ಧ ಪೆಡಲ್ ಖರ್ಚಾಗುತ್ತೆ. ಇಷ್ಟಕ್ಕೇ ಒಳ್ಳೇ ವ್ಯತ್ಯಾಸ ಗೊತ್ತಾಯ್ತು, ಸಾವಿರ ರೂಪಾಯಿ ಕೂಡ ಆಗಿಲ್ಲ. ಮುಂದಿನ ಹೋಲಿಕೆಯೆಲ್ಲಾ ಇದರ ನಂತರದ್ದು.

ಮೊದಲು ಹಾಕಿದ್ದು ಸೆಮಿ ಮೆಟಾಲಿಕ್ ಪ್ಯಾಡು, ಅಂದ್ರೆ ಡಿಸ್ಕನ್ನ ಒತ್ತಿ ಹಿಡಿಯೋ, ಲೋಹ ಬೆರೆಸಿದ ಪ್ಯಾಡು. ಮೊದಲ ದಿನ ಖಾಲಿ ರಸ್ತೇಲಿ 60ರಿಂದ 10ಕ್ಕೆ ಇಳಿಸೋದು, ಮತ್ತೆ ಏರಿಸೋದು, ಪೂರ್ತಿ ನಿಲ್ಲಿಸದೆ ಹತ್ತು ಸಲ ಮಾಡಿ ಪ್ಯಾಡನ್ನ ಡಿಸ್ಕಿಗೆ ಕೂರಿಸಿದೆ. ಘಾಟಿಯಲ್ಲಿ ಇದು ನಿಜವಾಗ್ಲೂ ಚೆನ್ನಾಗಿದೆ, ಕೆಳಗಿನ ತಿರುವುಗಳಿಗೆ ಬರೋ ಹೊತ್ತಿಗೆ ಹಳೇ ಪ್ಯಾಡ್ ಸುಟ್ಟ ವಾಸನೆ ಬಂದು ಹಿಡಿತ ಕಮ್ಮಿ ಆಗ್ತಿತ್ತು, ಇದ್ರಲ್ಲಿ ಹಾಗಾಗಲಿಲ್ಲ. ಆದ್ರೆ ಬೆಳಿಗ್ಗೆ ತಣ್ಣಗಿದ್ದಾಗ ಮೊದಲೆರಡು ಬ್ರೇಕು ಮಂದ, ಸ್ವಲ್ಪ ಕೀಚಲು ಸದ್ದು, ವೀಲ್ ತುಂಬಾ ಕಪ್ಪು ಪುಡಿ. ಮುಖ್ಯವಾದ ಮಾತು ಅಂದ್ರೆ ಪೆಡಲ್ ಮೆತ್ತಗಿದ್ದದ್ದು ಹಾಗೇ ಇತ್ತು. ಪ್ಯಾಡ್ ಬದಲಾಯಿಸಿದ್ರೆ ಬ್ರೇಕ್ ಕಚ್ಚೋ ರೀತಿ ಬದಲಾಗುತ್ತೆ, ನಿಮ್ಮ ಕಾಲಿಗೂ ಕ್ಯಾಲಿಪರಿಗೂ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ನಡುವೆ ಕಳೆದು ಹೋಗ್ತಿರೋದು ವಾಪಸ್ ಬರಲ್ಲ.

ಎರಡನೇದು ಸ್ಟಾಪರು. ಬಾನೆಟ್ ಎತ್ತಿ ಇಂಜಿನ್ ಆನ್ ಇಟ್ಟು ಯಾರನ್ನಾದ್ರೂ ಬ್ರೇಕ್ ಜೋರಾಗಿ ತುಳಿಯೋಕೆ ಹೇಳಿ, ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್‌ಗೆ ಒತ್ತಡ ಕೊಡೋ ಭಾಗ) ಕಡೆ ನೋಡಿ. ನಂದ್ರಲ್ಲಿ ಅದು ಕಣ್ಣಿಗೆ ಕಾಣೋ ಹಾಗೆ ಮುಂದಕ್ಕೆ ಸರೀತಿತ್ತು, ಯಾಕಂದ್ರೆ ಅದರ ಹಿಂದೆ ಕಾಲಿನ ಬಲ ಹೆಚ್ಚಿಸೋ ಬೂಸ್ಟರ್ ಕೂತಿರೋ ತಗಡು ಬಾಗುತ್ತೆ. ಅಲ್ಲಿ ಒಂದು ಮಿಲಿಮೀಟರ್ ಸರಿದ್ರೆ ಪೆಡಲ್ ಹತ್ರ ಮೂರ್ನಾಲ್ಕು ಪಟ್ಟು ಆಗಿ ಕಾಣುತ್ತೆ. ಸ್ಟಾಪರ್ ಅಂದ್ರೆ ಸಸ್ಪೆನ್ಷನ್ ಟವರಿಗೆ (ಬಾನೆಟ್ ಒಳಗೆ ಸಸ್ಪೆನ್ಷನ್ ಮೇಲ್ತುದಿ ಕೂರೋ ಗಟ್ಟಿ ಜಾಗ) ಬೋಲ್ಟ್ ಮಾಡೋ ಒಂದು ಬ್ರಾಕೆಟ್ಟು, ಅದರ ಅಡ್ಜಸ್ಟಿಂಗ್ ಬೋಲ್ಟು ಸಿಲಿಂಡರ್ ತುದಿಗೆ ತಾಗಿ ನಿಲ್ಲುತ್ತೆ. ಸುಮ್ನೆ ತಾಗಿಸಬೇಕು ಅಷ್ಟೇ, ಒತ್ತಿ ಟೈಟ್ ಮಾಡಬಾರದು. ನನ್ನ ಕಾರಿಗೆ ರೆಡಿಮೇಡ್ ಸಿಗಲಿಲ್ಲ, ಲೇತ್ ಅಂಗಡೀಲಿ ಎರಡು ಸಾವಿರಕ್ಕೆ ಮಾಡಿಸಿದೆ. ಜೋರಾಗಿ ತುಳಿದಾಗ ಕೊನೆಯಲ್ಲಿ ಗಟ್ಟಿ ಅನಿಸೋದು ನಿಜ, ಆದ್ರೆ ಟ್ರಾಫಿಕ್ಕಲ್ಲಿ ಮೆಲ್ಲಗೆ ತುಳಿಯೋವಾಗ ಏನೂ ಗೊತ್ತಾಗಲ್ಲ.

ಮೂರನೇದು ಸ್ಟೀಲ್ ಬ್ರೇಡೆಡ್ ಹೋಸು, ಅಂದ್ರೆ ಬ್ರೇಕ್ ಆಯಿಲನ್ನ ಚಕ್ರದ ಹತ್ರ ಒಯ್ಯೋ ಬಾಗೋ ಪೈಪು. ನಾಲ್ಕಕ್ಕೂ ಸೇರಿ ಎಂಟು ಸಾವಿರ ಆಯ್ತು, ಮೂರರಲ್ಲಿ ಇದೇ ದುಬಾರಿ, ನನಗೆ ಬೇಕಾಗಿದ್ದು ಸಿಕ್ಕಿದ್ದೂ ಇದ್ರಲ್ಲೇ. ರಬ್ಬರ್ ಹೋಸು ಒತ್ತಡಕ್ಕೆ ಸ್ವಲ್ಪ ಉಬ್ಬುತ್ತೆ, ನೀವು ತುಳಿದಿದ್ರಲ್ಲಿ ಒಂದು ಪಾಲು ಆ ಉಬ್ಬಿಗೇ ಹೋಗುತ್ತೆ. ಇದ್ರಲ್ಲಿ ಒಳಗೆ ಟೆಫ್ಲಾನ್ ಕೊಳವೆ, ಮೇಲೆ ಸ್ಟೀಲ್ ತಂತಿ ಹೆಣೆದಿರ್ತಾರೆ, ಉಬ್ಬೋದು ತುಂಬಾ ಕಮ್ಮಿ. ಮೊದಲ ಸಲ ಘಾಟಿ ಇಳಿಯೋವಾಗ ಒಂದು ಹೇರ್‌ಪಿನ್ನಲ್ಲಿ ಎದುರಿಗೆ ಬಸ್ ಬಂತು, ಕಾಲು ಎಷ್ಟು ಒತ್ತಿದ್ನೋ ಅಷ್ಟೇ ಹಿಡೀತು, ಆವತ್ತು ಆದ ಸಮಾಧಾನ ಇನ್ನೂ ನೆನಪಿದೆ. ಪ್ರಾಮಾಣಿಕವಾಗಿ ಹೇಳಬೇಕಂದ್ರೆ ತೆಗೆದ ಹೋಸು ಹನ್ನೆರಡು ವರ್ಷದ್ದು, ಹೊಸ ಕಂಪನಿ ರಬ್ಬರ್ ಹೋಸ್ ಹಾಕಿದ್ರೂ ಇದ್ರಲ್ಲಿ ಒಂದಷ್ಟು ಸಿಗ್ತಿತ್ತು ಅನ್ಸುತ್ತೆ, ಹಾಗಾಗಿ ಕಾರು ಮೂರ್ನಾಲ್ಕು ವರ್ಷದ್ದಾದ್ರೆ ನಿಮಗೆ ಇಷ್ಟು ವ್ಯತ್ಯಾಸ ಕಾಣದೇ ಇರಬಹುದು.

ಹೋಸ್ ಹಾಕಿದ್ರೆ ಕಾರು ಕಮ್ಮಿ ದೂರದಲ್ಲಿ ನಿಲ್ಲುತ್ತೆ ಅಂತ ಅಂಗಡಿಯವರು ಹೇಳ್ತಾರೆ, ನಂಬಬೇಡಿ. ಎಬಿಎಸ್ ಬರೋ ತನಕ ತುಳಿದ ಮೇಲೆ ಎಲ್ಲಾ ಟೈರಿನ ಕೈಲಿದೆ. ಸವೆದ ಟೈರ್ ಇದ್ರೆ ಆ ಎಂಟು ಸಾವಿರ ಅಲ್ಲಿಗೆ ಹಾಕಿ.

ನನ್ನನ್ನ ಕೇಳಿದ್ರೆ ಆಯಿಲ್ ಮತ್ತು ಶೂ ಅಡ್ಜಸ್ಟ್‌ಮೆಂಟ್ ಮೊದಲು, ಆಮೇಲೆ ಹೋಸು. ಘಾಟಿ ಓಡಾಟ ಜಾಸ್ತಿ ಇದ್ರೆ ಮಾತ್ರ ಪ್ಯಾಡು. ಸ್ಟಾಪರ್ ಈಗ ತೆಗೆದಿಟ್ಟಿದೀನಿ, ಹೋಸ್ ಬಂದ ಮೇಲೆ ಅದು ಬೇಕು ಅನಿಸಲಿಲ್ಲ. ಹೋಸ್ ಹಾಕಿಸೋರು ತಾಮ್ರದ ವಾಷರ್ ಹೊಸದೇ ಹಾಕ್ಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸು ಟೈರಿಗೋ ಸಸ್ಪೆನ್ಷನ್ನಿಗೋ ಉಜ್ಜುತ್ತಾ ಅಂತ ಕಣ್ಣಾರೆ ನೋಡಿ. ನಂದ್ರಲ್ಲಿ ಬಲಗಡೆ ಮುಂದಿನದು ಉಜ್ಜುತ್ತಿತ್ತು, ಕ್ಲಿಪ್ ಜಾಗ ಬದಲಾಯಿಸಿ ಹಾಕ್ಸಿದೀನಿ.